ಸೇನಾಪತಿಯ ಸಾಲು ಓದಿದವನು

ಯಾರಿಗಾಗಿ ಜೀವ ಕೊಡುತ್ತೇನೆಂದು ಎರಡು ವರ್ಷ ಹೇಳುತ್ತ ಬಂದಿದ್ದಳೋ, ಅವನನ್ನು ಅವಳು ಮೊದಲ ಸಲ ನೋಡಿದ್ದು ಸ್ಟುಡಿಯೋದ ಕಾಫಿ ಮಷೀನಿನ ಮುಂದೆ. ಐವತ್ತು ದಾಟಿದ ಮನುಷ್ಯ. ಮಂಡಿಗೆ ಪಟ್ಟಿ ಕಟ್ಟಿಕೊಂಡು, ಸಕ್ಕರೆ ಪೊಟ್ಟಣವನ್ನು ಹಲ್ಲಿನಿಂದ ಹರಿಯುತ್ತಿದ್ದ.

"ನೀವೇನಾ ತಾಯಿ ನಮ್ಮ ವೈದ್ಯೆ?"

ದನಿ ಕೇಳಿದ ಮೇಲೆ ಗುರುತು ಹತ್ತಿತು. ಸೇನಾಪತಿ!

"ವಿಮರ್ಶೆ ಓದಿದಾಗಿನಿಂದ ನನ್ನ ಹೆಂಡತಿ ಸರಿಯಾಗಿ ಮಾತಾಡ್ತಿಲ್ಲ. 'ಮನೇಲಿ ಒಂದು ದಿನ ಆದ್ರೂ ನನ್ನ ಹತ್ರ ಹೀಗೆ ಮಾತಾಡಿದೀರಾ' ಅಂತಾಳೆ. ನಾವಿಬ್ರೂ ಮುಖಾನೇ ನೋಡಿಲ್ಲ ಅಂತ ನೀವೇ ಬಂದು ಹೇಳ್ಬೇಕು."

ಅವಳು ನಕ್ಕಳು. ಈಚೆಗೆ ನಗುವುದಕ್ಕೂ ಸುಸ್ತು.

ಇಬ್ಬರೂ ಬೇರೆ ಬೇರೆ ದಿನ ಬಂದು ದನಿ ಕೊಟ್ಟಿದ್ದ ಕಂಪ್ಯೂಟರ್ ಗೇಮನ್ನು ವಿಮರ್ಶಕರು ಹಿಡಿದು ಜಾಡಿಸಿದ್ದರು. ಡ್ರ್ಯಾಗನ್ ಗೋಡೆಯೊಳಗೆ ಸಿಕ್ಕಿಹಾಕಿಕೊಳ್ಳುತ್ತದೆ, ಯುದ್ಧ ಆಕಳಿಕೆ ತರಿಸುತ್ತದೆ, ಮಾಂತ್ರಿಕರ ರಾಜ್ಯದಲ್ಲಿ ಮನೆಗಳೆಲ್ಲ ಒಂದೇ ಅಚ್ಚಿನವು. ಹತ್ತಕ್ಕೆ ಐದು ಕೊಟ್ಟವನೇ ಉದಾರಿ. ಒಂದು ವಿಷಯದಲ್ಲಿ ಮಾತ್ರ ಎಲ್ಲರದ್ದೂ ಹೊಗಳಿಕೆ: ದಂಡಿನ ವೈದ್ಯೆ ಮತ್ತು ಸೇನಾಪತಿಯ ನಡುವಿನ ಪ್ರೀತಿ. "ಇಷ್ಟು ದಣಿದವರು ಮಾತ್ರ ಒಬ್ಬರಿಗೊಬ್ಬರು ಇಷ್ಟು ಮೆಲ್ಲಗೆ ಮಾತಾಡಬಲ್ಲರು" ಎಂದು ಒಬ್ಬಾಕೆ ಬರೆದಿದ್ದಳು. ಬಸ್ಸಿನಲ್ಲಿ ಅದನ್ನು ಓದಿ, ಯಾರೋ ನೋಡಿಬಿಟ್ಟರೇನೋ ಎಂಬಂತೆ ಅವಳು ಫೋನನ್ನು ಚೀಲಕ್ಕೆ ತುರುಕಿದ್ದಳು.

ಹೊಗಳಿಕೆ ನಂಬಿಕೊಂಡು ಕಂಪನಿ ಗೇಮಿಗೆ ಹೊಸ ಅಧ್ಯಾಯ ಸೇರಿಸಲು ಹೊರಟಿತ್ತು. ಬರೀ ಪ್ರೀತಿಯದು. ಈ ಸಲ ಇಬ್ಬರ ದನಿಯೂ ಒಟ್ಟಿಗೆ, ಎದುರುಬದುರು ನಿಂತು.

ಅಲ್ಲೇ ಕೆಟ್ಟಿತು.

"ನೀನು ಹೊರಟುಹೋದರೆ ಈ ಗಾಯಗಳನ್ನು ಯಾರಿಗೆ ತೋರಿಸಲಿ?" ಸೇನಾಪತಿಯ ದನಿಯಲ್ಲಿ ಜೇನು ಸುರಿಯುತ್ತಿತ್ತು.

"ಗಾಯವಿಲ್ಲದ ದಿನವೂ ಬಾ" ಎಂದಳು ಅವಳು.

"ಕಟ್!" ನಿರ್ದೇಶಕಿ ಹಣೆ ಒತ್ತಿಕೊಂಡಳು. "ನಮ್ಮ ವೈದ್ಯೆ ಎಲ್ಲಿ ಹೋದಳಮ್ಮಾ? ಬ್ಯಾಂಕಿಗೆ ಫೋನ್ ಮಾಡಿದ್ರೆ 'ದಯವಿಟ್ಟು ಕಾಯಿರಿ' ಅಂತಾಳಲ್ಲ, ಅವಳು ಬಂದು ನಿಂತ ಹಾಗಿದೆ."

ಬ್ಯಾಂಕಿನ ಆ ದನಿಯೂ ಅವಳದೇ. ಹೊಟ್ಟೆಪಾಡು.

ಮತ್ತೆ ಹೇಳಿದಳು, ಮತ್ತೆ ಕಟ್. ಮಧ್ಯಾಹ್ನ ಕಳೆಯಿತು. "ಸಂಜೆಯೊಳಗೆ ಸರಿ ಹೋಗ್ಲಿಲ್ಲ ಅಂದ್ರೆ ಬೇರೆ ದನಿ ನೋಡ್ಬೇಕಾಗತ್ತೆ. ಬೇಜಾರು ಮಾಡ್ಕೋಬೇಡ" ಎಂದು ನಿರ್ದೇಶಕಿ ಹೊರಗೆ ಹೋದಳು.

ಸೇನಾಪತಿ ಮಂಡಿ ನೀವಿಕೊಳ್ಳುತ್ತ ಕೇಳಿದ. "ಒಂದು ಮಾತು ತಾಯಿ. ಹಿಂದಿನ ಸಲ ನನ್ನದು ಸುಲಭ ಇತ್ತು. ನಿಮ್ಮ ದನಿ ಮೊದಲೇ ರೆಕಾರ್ಡ್ ಆಗಿರ್ತಿತ್ತು, ಅದನ್ನ ಕೇಳಿಸ್ಕೊಂಡು ನಾನು ಹೇಳ್ತಿದ್ದೆ. ನೀವು ಯಾರ ಮಾತಿಗೆ ಉತ್ತರ ಕೊಡ್ತಿದ್ರಿ?"

ಅವಳಿಗೆ ತಿಳಿಯುವ ಮೊದಲೇ ಅವಳ ಕಣ್ಣು ರೆಕಾರ್ಡಿಂಗ್ ಕೋಣೆಯ ಗಾಜಿನ ಕಡೆ ಹೋಗಿಬಿಟ್ಟಿತ್ತು.

ಗಾಜಿನ ಆಚೆ ಸೌಂಡ್ ಇಂಜಿನಿಯರ್ ತಲೆ ತಗ್ಗಿಸಿ ಕೂತಿದ್ದ. ಎಲ್ಲರೂ ಅವನನ್ನು ಮೌನಿ ಎನ್ನುತ್ತಿದ್ದರು. ಎರಡು ವರ್ಷವೂ ಅವಳ ಸಾಲಿಗೆ ಮೊದಲು ಸೇನಾಪತಿಯ ಸಾಲನ್ನು ಆಚೆಯಿಂದ ಮೈಕಿನ ಗುಂಡಿ ಒತ್ತಿ ಅವಳ ಹೆಡ್‌ಫೋನಿಗೆ ಓದಿ ಹೇಳುತ್ತಿದ್ದವನು ಅವನೇ. ನಟನೆ ಸುತರಾಂ ಇಲ್ಲ. 'ನೀನಿಲ್ಲದೆ ಈ ಕೋಟೆ ಬರೀ ಕಲ್ಲು' ಎಂಬುದನ್ನೂ ಔಷಧಿ ಚೀಟಿ ಓದಿದ ಹಾಗೆ ಓದುತ್ತಿದ್ದ. ಆದರೆ ಅವಳು ನೀರು ಕುಡಿದು ಮುಗಿಸುವವರೆಗೆ ಕಾಯುತ್ತಿದ್ದ. ದನಿ ಒಡೆದ ದಿನ, ಅವಳು ಕೇಳದಿದ್ದರೂ, "ಈ ಸಾಲು ನಾಳೆ ನೋಡೋಣ" ಎನ್ನುತ್ತಿದ್ದ.

ನಿರ್ದೇಶಕಿ ಮರಳಿದಾಗ ಅವಳು ಹೇಳಿದಳು. "ಒಂದು ಸಲ... ಅವರು ಓದಲಿ."

"ನಾನಾ?" ಕಿವಿಯಲ್ಲಿ ಆ ದನಿ. "ನಾನು ಓದಿದ್ರೆ ಬರೀ ಓದಿದ ಹಾಗಿರತ್ತೆ ಮೇಡಂ."

"ಹಾಗೇ ಇರಲಿ."

ಸೇನಾಪತಿ ಸಂತೋಷವಾಗಿ ಕುರ್ಚಿ ಹಿಡಿದ. ಆಚೆ ಗಂಟಲು ಸರಿಮಾಡಿಕೊಂಡ ಸದ್ದಾಯಿತು.

"ನೀನು ಹೊರಟುಹೋದರೆ ಈ ಗಾಯಗಳನ್ನು ಯಾರಿಗೆ ತೋರಿಸಲಿ."

ಪ್ರಶ್ನೆಯ ರಾಗವೂ ಇರಲಿಲ್ಲ. ಅವಳ ಹೆಗಲು ಸಡಿಲವಾಯಿತು.

"ಗಾಯವಿಲ್ಲದ ದಿನವೂ ಬಾ."

ಯಾರೂ ಕಟ್ ಎನ್ನಲಿಲ್ಲ. ಆಮೇಲೆ ಸೇನಾಪತಿಯೇ ಬಾಯಿಬಿಟ್ಟ. "ಹಾಗೆ ಹೇಳ್ರಪ್ಪ! ಆ ವಿಮರ್ಶಕರು ಯಾರದೋ ಪ್ರೀತೀನ ನನ್ನ ಲೆಕ್ಕಕ್ಕೆ ಬರೆದಿದಾರೆ. ತಡೀರಿ, ಹೆಂಡತಿಗೆ ಫೋನ್ ಮಾಡ್ತೀನಿ."

ಉಳಿದ ಸಾಲುಗಳು ಸರಸರ ಮುಗಿದವು. ನಿರ್ದೇಶಕಿಯೂ ಸೇನಾಪತಿಯೂ ಹೊರಟರು. ಅವಳು ಹೆಡ್‌ಫೋನ್ ತೆಗೆಯಲಿಲ್ಲ.

"ಮುಗೀತು ಮೇಡಂ."

"ಗೊತ್ತು."

ಅವನು ಗುಂಡಿಯಿಂದ ಬೆರಳೆತ್ತಲಿಲ್ಲ. ಅವನ ಉಸಿರು ಅವಳ ಕಿವಿಯಲ್ಲೇ ಇತ್ತು.

"ನನಗೆ ಭಯ ಆಗತ್ತೆ" ಎಂದಳು. "ಯಾರಾದ್ರೂ ಬರೆದುಕೊಟ್ರೆ ಚೆನ್ನಾಗಿ ಹೇಳ್ತೀನಿ. ನನ್ನದೇ ಮಾತಾದ್ರೆ ತಡವರಿಸ್ತೀನಿ. ನಿಮಗೇನಾದ್ರೂ ಆ ವೈದ್ಯೆ ಇಷ್ಟ ಆಗಿದ್ರೆ... ಅವಳು ನಾನಲ್ಲ."

ಕಿವಿಯಲ್ಲಿ ಸದ್ದು ನಿಂತಿತು. ಕೆಟ್ಟೆ, ಎಂದುಕೊಂಡಳು. ಅಷ್ಟರಲ್ಲಿ ದಪ್ಪ ಬಾಗಿಲು ತೆರೆದು ಅವನು ಈಚೆ ಬಂದು ನಿಂತಿದ್ದ. ಗಾಜಿನ ಹಿಂದೆ ಕಂಡದ್ದಕ್ಕಿಂತ ಕುಳ್ಳ.

"ಆ ವೈದ್ಯೆ ನೋಡೋಕೆ ಹೇಗಿದಾಳೆ?"

"ಹೇಗೆ ಅಂದ್ರೆ? ಗೇಮಲ್ಲಿ ನೋಡಿಲ್ವಾ?"

"ನಾನು ಆ ಗೇಮ್ ಆಡೇ ಇಲ್ಲ ಮೇಡಂ. ದಿನವಿಡೀ ಇಲ್ಲಿ ಕೂತು, ಮನೆಗೆ ಹೋಗಿ ಡ್ರ್ಯಾಗನ್ ಕೊಲ್ಲೋಕೆ ಯಾರಿಗಿದೆ ಶಕ್ತಿ? ಅವಳ ಕೂದಲು ಯಾವ ಬಣ್ಣ ಅಂತಾನೂ ಗೊತ್ತಿಲ್ಲ." ಅವನು ನೆಲ ನೋಡಿದ. "ಕಷ್ಟದ ಸಾಲು ಬಂದ್ರೆ ನೀವು ಚಪ್ಪಲಿ ಬಿಟ್ಟು ನಿಲ್ತೀರ. ತಪ್ಪಿದ್ರೆ ಮೈಕಿಗೆ ಸಾರಿ ಹೇಳ್ತೀರ. ನನಗೆ ಗೊತ್ತಿರೋದು ಇಷ್ಟೇ."

ಅವಳು ಬರಿಗಾಲನ್ನು ಒಂದರ ಮೇಲೊಂದು ಬಚ್ಚಿಟ್ಟುಕೊಂಡಳು.

"ಆಡಬೇಡಿ ಬಿಡಿ. ಬಹಳ ಬೋರಂತೆ."

"ಪ್ರೀತಿ ಚೆನ್ನಾಗಿದೆಯಂತಲ್ಲ?"

"ಹಾಗಂತ ಬರೆದಿದಾರೆ" ಎಂದಳು. ಕಿವಿ ಬಿಸಿಯಾಯಿತು.

ಕೋಣೆಯಲ್ಲಿದ್ದುದು ಒಂದೇ ಕುರ್ಚಿ. ಅವನು ಗೋಡೆಗೆ ಒರಗಿ ನೆಲದ ಮೇಲೆ ಕುಳಿತ. ಅವಳು ಪಕ್ಕದಲ್ಲಿ ಕುಳಿತಳು. ಸ್ವಲ್ಪ ಹೊತ್ತು ಯೋಚಿಸಿ, ತಲೆಯನ್ನು ಅವನ ಭುಜಕ್ಕೆ ಆನಿಸಿದಳು.

"ತುಂಬಾ ಸುಸ್ತಾಗಿದೆ."

"ನನಗೂ" ಎಂದ ಅವನು. ಅವನ ಭುಜ ಒಂದಿಷ್ಟು ಕೆಳಗಿಳಿದು ಅವಳ ತಲೆಗೆ ಸರಿಯಾಗಿ ಜಾಗ ಮಾಡಿಕೊಟ್ಟಿತು.