ಏಳನೇ ಕಿಂಡಿಯ ವೈರು

ಆಯುಧಪೂಜೆ ಮುಗಿದ ಮರುವಾರ, 1999ರ ಅಕ್ಟೋಬರ್ 25ರಂದು, ಹರಿಹರದ ಹತ್ತಿರದ ಕರೂರು ಕೈಗಾರಿಕಾ ಪ್ರದೇಶದ ನೂಲಿನ ಗಿರಣಿಯೊಂದರ ಮ್ಯಾನೇಜರ್ ಕೊಟ್ಟೂರಪ್ಪ ಠಾಣೆಗೆ ಬಂದವನೇ, ಯಾರೂ ಕೂಡ್ರಿ ಅನ್ನುವ ಮೊದಲೇ ಕೂತುಬಿಟ್ಟ. ಇನ್‌ಸ್ಪೆಕ್ಟರ್ ಏಕಾಂತಪ್ಪನಿಗೆ ಅಲ್ಲೇ ಪಿತ್ತ ನೆತ್ತಿಗೇರಿತು.

ದೂರು ಇಷ್ಟು: ದಿನಾ ಊಟದ ಹೊತ್ತಿಗೆ ಆಫೀಸಿನ ಎಲ್ಲ ಕಂಪ್ಯೂಟರುಗಳ ಮೇಲೂ ಮಾಲೀಕರ ಹೆಂಡತಿಯ ಬಗ್ಗೆ ಹೊಲಸು ಮಾತು ಮೂಡುತ್ತದೆ. ಒಂದೊಂದು ಕಂಪ್ಯೂಟರಿಗೂ ಒಂದೊಂದು ವಿಳಾಸದ ನಂಬರು. ಹೊಲಸು ಬರುವುದು ಹದಿನಾಲ್ಕರಿಂದ. ಅದು ಟೈಪಿಸ್ಟ್ ಅಂಬಿಕಾಳದು.

"ಸಾರಥಿ ಅನ್ನೋ ಊರಿನ ಹುಡುಗಿ. ಇವತ್ತೇ ಒಳಗೆ ಹಾಕ್ರಿ ಸಾರ್."

ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತಿಗೆ ಹಾಕುವ ಕಲಂ 509ರಡಿ ಎಫ್‌ಐಆರ್ ದಾಖಲಾಯಿತು. ಅಂಬಿಕಾಳನ್ನು ಠಾಣೆಗೆ ಕರೆಸಿದರು. ಕನಿಕರ ಗಿನಿಕರ ಏಕಾಂತಪ್ಪನ ಜಾಯಮಾನದಲ್ಲೇ ಇರಲಿಲ್ಲ.

"ಹದಿನಾಲ್ಕು ನಿಂದೇನು?"

"ಹೌದ್ರಿ."

"ಹಂಗಾದ್ರೆ ಬರೆದಾಕಿ ನೀನೇ."

"ನಾನಲ್ರಿ! ಊಟಕ್ಕೆ ಮುಂಚೆ ಕಂಪ್ಯೂಟರ್ ಆರಿಸಿಬಿಡ್ತೀನಿ. ಪೊಲೀಸ್ ಕೇಸಾದ್ರೆ ಇನ್ಯಾವ ಆಫೀಸ್ನಾಗೂ ನನ್ನ ಸೇರಿಸ್ಕೊಳ್ಳಲ್ಲ. ನಮ್ಮನೆ ಒಲಿ ಉರಿಯೋದೇ ಈ ಕೆಲಸದಿಂದ."

"ಅದನ್ನ ಕೋರ್ಟಿನಾಗೆ ಹೇಳು."

ಆದರೂ ಅವನು ಬಂಧಿಸಲಿಲ್ಲ. ಹುಡುಗಿ ಮೇಲಿನ ದಯೆಗಲ್ಲ, ಮ್ಯಾನೇಜರನ ಆತುರ ಕಂಡರೆ ಮೈ ಉರಿಯುತ್ತಿತ್ತು. ಗಿರಣಿಗೆ ಕಂಪ್ಯೂಟರ್ ಜಾಲ ಹಾಕಿಕೊಟ್ಟ ಖುದ್ದೂಸನನ್ನು ಕರೆಸಿದ.

"ಆ ವಿಳಾಸ ಯಾರು ಬೇಕಾದ್ರೂ ಟೈಪ್ ಮಾಡ್ಕೋಬಹುದು ಸಾಬ್," ಎಂದ ಖುದ್ದೂಸ್. "ಒಳಗಿನ ಕಾರ್ಡಿಗೆ ಇನ್ನೊಂದು ನಂಬರ್ ಐತೆ, ಹುಟ್ಟುಮಚ್ಚೆ ಇದ್ದಂಗೆ. ಎಲ್ಲಾ ಕಂಪ್ಯೂಟರ್ ವೈರು ಸ್ವಿಚ್ ಪೆಟ್ಟಿಗೆ ಕಿಂಡಿಗಳಿಗೆ ಬಂದು ಸೇರತಾವೆ. ಆ ನಂಬರ್ ಯಾವ ಕಿಂಡಿಯಿಂದ ಬಂತು ಅನ್ನೋದು ಪೆಟ್ಟಿಗೆಗೆ ಗೊತ್ತಿರತೈತೆ."

ಮರುದಿನ ಊಟದ ಹೊತ್ತಿಗೆ ಇಬ್ಬರೂ ಗಿರಣಿಯ ಆಫೀಸಿನಲ್ಲಿ ಸ್ವಿಚ್ ಪೆಟ್ಟಿಗೆಯ ಮುಂದೆ ಕಾದರು. ಹೊಲಸು ಮಾತು ಮೂಡಿತು. ಖುದ್ದೂಸ್ ಕಾರ್ಡಿನ ನಂಬರ್ ಬರೆದುಕೊಂಡ. ಅದು ಬಂದದ್ದು ಏಳನೇ ಕಿಂಡಿಯಿಂದ. ಆ ಕಿಂಡಿಯ ಮೇಲೆ ಅಂಟಿಸಿದ ಚೀಟಿಯಲ್ಲಿ 'ಅಂಬಿಕಾ' ಎಂದಿತ್ತು.

ಕೊಟ್ಟೂರಪ್ಪ ತನ್ನ ಕೋಣೆಯಿಂದ ಓಡಿಬಂದ. "ನಾನ್ ಬಡ್ಕೊಳ್ಳಲಿಲ್ವಾ? ಎಳ್ಕೊಂಡು ನಡೀರಿ!"

ಅಂಬಿಕಾ ರೊಟ್ಟಿ ಮುರಿದ ಕೈಯಲ್ಲೇ ಎದ್ದು ನಿಂತಳು. ಅವಳ ಮೇಜಿನ ಪಕ್ಕದಲ್ಲಿ ಕಾವಲಿದ್ದ ಹೆಡ್ ಕಾನ್‌ಸ್ಟೇಬಲ್ ಲಿಂಗಣ್ಣ ಅಡ್ಡ ಬಂದ. "ಸಾರ್, ಈಕಿ ಕಂಪ್ಯೂಟರ್ ಆಗಲೇ ಆರಿಸ್ಯಾಳೆ. ನಾನೇ ನೋಡೀನಿ."

ವೈರಿನ ತುದಿಯ ಕಂಪ್ಯೂಟರ್ ಆರಿದ್ದರೆ ಆರಬೇಕಿದ್ದ ಏಳನೇ ಕಿಂಡಿಯ ದೀಪ ಮಾತ್ರ ಮಿಣಿಮಿಣಿ ಅನ್ನುತ್ತಲೇ ಇತ್ತು. ಏಕಾಂತಪ್ಪ ಬಗ್ಗಿ ನೋಡಿದ. ಪೆಟ್ಟಿಗೆಯ ಮೇಲೆ ವಿಭೂತಿ, ಕುಂಕುಮ.

"ಇದನ್ನೂ ಪೂಜೆಗೆ ಒಯ್ದಿದ್ರೇನು?"

"ಹೌದ್ರಿ," ಎಂದಳು ಅಂಬಿಕಾ. "ಎಲ್ಲಾ ವೈರು ಕಿತ್ತು ದೇವರ ಮುಂದೆ ಇಟ್ಟಿದ್ರು. ಮರುದಿನ ಕೈಗೆ ಸಿಕ್ಕಿದ್ದನ್ನ ಸಿಕ್ಕಲ್ಲಿ ಚುಚ್ಚಿದ್ರು."

"ಅಯ್ಯೋ, ಹಂಗಾದ್ರೆ ಚೀಟಿ ನಂಬಂಗಿಲ್ಲ!" ಖುದ್ದೂಸ್ ಹಣೆ ಚಚ್ಚಿಕೊಂಡ.

"ಲಿಂಗಣ್ಣ, ಆ ವೈರು ಹಿಡಿದು ಎಳಿ. ಇನ್ನೊಂದು ತುದಿ ಎಲ್ಲಿ ಅಲ್ಲಾಡತೈತೋ ನೋಡಾಣ," ಎಂದ ಏಕಾಂತಪ್ಪ.

ಸಾಕ್ಷಿಗೆಂದು ಕರೆಸಿದ ಪಂಚರಿಬ್ಬರು ವೈರಿನ ಜಾಡು ಹಿಡಿದು ನಡೆದರು. ಅದು ಅಂಬಿಕಾಳ ಮೇಜನ್ನು ದಾಟಿ, ಗೋಡೆಯ ತೂತಿನಲ್ಲಿ ನುಗ್ಗಿ, ಮ್ಯಾನೇಜರನ ಮೇಜಿನ ಹಿಂದೆ ಅಲ್ಲಾಡಿತು. ಪಂಚರ ಎದುರು ಆ ಕಂಪ್ಯೂಟರ್ ಬಿಚ್ಚಿದಾಗ ಕಾರ್ಡಿನ ನಂಬರ್ ಅದೇ. ಪಂಚನಾಮೆ ಬರೆದು ಜಪ್ತಿ ಮಾಡಿದರು. ಅಷ್ಟರಲ್ಲಿ ಕೊಟ್ಟೂರಪ್ಪ ಸ್ಕೂಟರ್ ಹತ್ತಿ ಕಂಬಿ ಕಿತ್ತಿದ್ದ.

ಸಂಜೆ ಹರಿಹರದಲ್ಲಿ, ಅವನ ಮನೆಯಲ್ಲೇ ಸಿಕ್ಕ. ಮಗ ವೀರೇಶ್ ಬಾಗಿಲಲ್ಲಿ ನಿಂತಿದ್ದ.

"ಆ ಹುಡುಗಿ ನಿಂಗೇನು ಮಾಡಿತ್ತಯ್ಯಾ?" ಏಕಾಂತಪ್ಪ ಕೇಳಿದ.

"ಈ ನನ್ನ ಮಗ ಆಕಿನ್ನೇ ಮದುವಿ ಆಗ್ತೀನಿ ಅಂತ ಕೂತಾನೆ." ಕೊಟ್ಟೂರಪ್ಪ ತಲೆ ತಗ್ಗಿಸಲಿಲ್ಲ. "ಬ್ಯಾರೆ ಜಾತಿ, ಬ್ಯಾಡ ಅಂದೆ. ಆಕಿದು ಒಂದು ತಪ್ಪು ತೋರಿಸು, ಬಿಡ್ತೀನಿ ಅಂದ. ಎಷ್ಟು ಕಾದೆ ಸಾರ್! ಆ ಹುಡುಗಿ ಒಂದು ತಪ್ಪೂ ಮಾಡಲಿಲ್ಲ. ಕೊನಿಗೆ ನಾನೇ ಮಾಡಬೇಕಾತು."

ವೀರೇಶ್ ಅಪ್ಪನಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದ. ಜೀಪು ಹೊರಡುವ ಮೊದಲೇ ಬಾಗಿಲು ಹಾಕಿಕೊಂಡ.