ಮೆಟಡೋರಿನ ಸಂಸಾರ

"ಗಾಡಿ ಸ್ವಲ್ಪ ಆಚೆ ತೆಗೀರಿ. ಕಾಫಿ ಹರವಬೇಕು."

ಸುಗುಣ ಎರಡನೇ ಸಲ ಕೂಗಿದಾಗ ಕಾಫಿ ಒಣಗಿಸುವ ಕಣದಲ್ಲಿ ನಿಂತಿದ್ದ ಮೆಟಡೋರ್ ವ್ಯಾನಿನ ಹಿಂಬಾಗಿಲು ತೆರೆಯಿತು. ಅರ್ಧ ಮುಖಕ್ಕೆ ಸೋಪಿನ ನೊರೆ ಹಚ್ಚಿಕೊಂಡಿದ್ದ ಯುವಕನೊಬ್ಬ ರೇಜರ್ ಹಿಡಿದು ತಬ್ಬಿಬ್ಬಾಗಿ ನಿಂತಿದ್ದ. ಅವನ ಬೆನ್ನ ಹಿಂದೆ ಅವಳಿಗೆ ಕಂಡದ್ದು... ಒಂದು ಮನೆ! ಮಡಿಸಿಟ್ಟ ಹಾಸಿಗೆ, ಸೀಮೆಎಣ್ಣೆ ಸ್ಟೌ, ಹಲಗೆಯ ಮೇಲೆ ಡಬ್ಬಿಗಳು, ಕಿಟಕಿಗೆ ಹೂವಿನ ಪರದೆ.

"ನೀವು ಇದರಲ್ಲೇ ಇರ್ತೀರಾ?" ಬೈಯಲು ಬಂದವಳ ಬಾಯಿಂದ ಹೊರಟದ್ದು ಇಷ್ಟೇ.

"ಸೀಸನ್ ಮುಗಿಯೋವರೆಗೂ ಇದೇ ಮನೆ," ಎಂದು ಅವನು ನಕ್ಕ. ಕೆನ್ನೆಯ ನೊರೆ ಜಾರಿ ಅಂಗಿಯ ಮೇಲೆ ಬಿತ್ತು. ಸುಗುಣಳಿಗೂ ನಗು ತಡೆಯಲಾಗಲಿಲ್ಲ.

ಅದು ತೊಂಬತ್ತೇಳರ ಡಿಸೆಂಬರ್. ಸುಗುಣ ಜಾವಳಿಯ ಸಣ್ಣ ಬೆಳೆಗಾರ ಗಂಗಾಧರಪ್ಪನವರ ಮಗಳು. ಅವನು ಕಳಸದ ರುದ್ರೇಶ್. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಗಳ ರಿಪೇರಿ ಅವನ ಕೆಲಸ. ಕೊಯ್ಲಿನ ತಿಂಗಳುಗಳಲ್ಲಿ ಯಾವ ತೋಟದಿಂದ ಕರೆ ಬಂದರೂ ಹೋಗಬೇಕಾಗಿದ್ದರಿಂದ ಹಳೆಯ ವ್ಯಾನನ್ನೇ ಮನೆ ಮಾಡಿಕೊಂಡಿದ್ದ. ಅಪ್ಪ ಅಮ್ಮ ಇರಲಿಲ್ಲ. ಮಳೆಗಾಲ ಅಣ್ಣನ ಮನೆಯಲ್ಲಿ ಕಳೆಯುತ್ತಿತ್ತು.

ಮರುವರ್ಷ ಕೊಯ್ಲಿಗೆ ಮುಂಚೆಯೇ ಅವರ ಮದುವೆಯಾಯಿತು. ಮಗಳು ಗಾಡಿಯಲ್ಲಿ ಹೇಗೆ ಬಾಳುವೆ ಮಾಡುತ್ತಾಳೋ ಎಂದು ತಾಯಿ ಮುದ್ದಮ್ಮ ಕಣ್ಣೀರಿಟ್ಟರೆ, ಸುಗುಣ ಮಾತ್ರ ಪರದೆಗೆ ಹೊಸ ಬಟ್ಟೆ ಹೊಲಿದುಕೊಂಡು ಖುಷಿಯಿಂದ ಹತ್ತಿ ಕುಳಿತಳು.

ಮೊದಮೊದಲು ಎಲ್ಲವೂ ಚೆಂದ. ಬೆಳಗ್ಗೆ ಬಾಗಿಲು ತೆರೆದರೆ ಪ್ರತಿ ವಾರ ಬೇರೆ ಗುಡ್ಡ, ಬೇರೆ ಹಳ್ಳ. ಎರಡು ಸಿಲ್ವರ್ ಓಕ್ ಮರಗಳ ನಡುವೆ ಟಾರ್ಪಾಲು ಕಟ್ಟಿದರೆ ಬಚ್ಚಲು. ಮಂಜಿಗೆ ತೇವಗೊಂಡ ಕಂಬಳಿಯನ್ನು ಗಾಡಿಯ ನೆತ್ತಿಯ ಮೇಲೆ ಒಣಹಾಕುವಾಗ ಅವಳಿಗೆ ಯಾವುದೋ ಆಟ ಆಡುತ್ತಿರುವಂತೆ ಅನಿಸುತ್ತಿತ್ತು.

ಆಮೇಲೆ ಆಟ ಮುಗಿಯಿತು...

ಹೆಪ್ಪು ಹಾಕಿದ ಹಾಲು ದಾರಿಯ ಕುಲುಕಾಟಕ್ಕೆ ಮೊಸರಾಗುತ್ತಿರಲಿಲ್ಲ. ಅರ್ಧ ಒಣಗಿದ ಬಟ್ಟೆಯನ್ನು ಮುದುರಿಕೊಂಡು ಮುಂದಿನ ತೋಟಕ್ಕೆ ಹೊರಡಬೇಕು. ಅದನ್ನೆಲ್ಲ ಅವಳು ಸಹಿಸಿಕೊಂಡಳು. ಸಹಿಸಲಾಗದಿದ್ದದ್ದು ಹಗಲು.

ರುದ್ರೇಶ್ ಬೆಳಗ್ಗೆ ಯಂತ್ರದ ಕಡೆ ಹೋದರೆ ಬರುವುದು ಕತ್ತಲಾದ ಮೇಲೆಯೇ. ಕಣದ ಅಂಚಿನಲ್ಲಿ ನಿಂತ ಗಾಡಿಯೊಳಗೆ ಸುಗುಣ ಒಬ್ಬಳೇ. ಬಂಗಲೆಯವರಿಗೆ ಅವಳು ನೆಂಟರ ಪೈಕಿಯಲ್ಲ, ಲೈನ್ ಮನೆಗಳ ಆಳುಗಳಿಗೆ ಜೊತೆಗಾತಿಯಲ್ಲ. ಯಾರಾದರೂ ಒಬ್ಬರು 'ಊಟ ಆಯ್ತಾ' ಎಂದು ಕೇಳುವಷ್ಟು ಪರಿಚಯವಾಗುವ ಹೊತ್ತಿಗೆ ಅಲ್ಲಿಯ ಕೆಲಸ ಮುಗಿದಿರುತ್ತಿತ್ತು.

ಹಗಲೆಲ್ಲ ಕೂಡಿಟ್ಟ ಮಾತನ್ನು ಅವಳು ರಾತ್ರಿ ತಟ್ಟೆಯ ಮುಂದೆ ಇಡುತ್ತಿದ್ದಳು. ಅವನು ಹೂಂಗುಟ್ಟುತ್ತಲೇ ನಿದ್ದೆ ಹೋಗುತ್ತಿದ್ದ.

'ಇವರಿಗೆ ನಾನು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಏನೋ...'

ಜನವರಿಯಲ್ಲಿ ಅವರ ಗಾಡಿ ಕಳಸದ ಹತ್ತಿರದ ಒಂದು ದೊಡ್ಡ ಎಸ್ಟೇಟಿನಲ್ಲಿತ್ತು. ಬಂಗಲೆಯಲ್ಲಿ ಮಗುವಿನ ನಾಮಕರಣ. ಎಸ್ಟೇಟಿನ ಲೆಕ್ಕ ನೋಡುವ ರೈಟರ್ ಕೃಷ್ಣಪ್ಪ ಹಿಂದಿನ ದಿನವೇ ಬಂದು, ಸಾಹುಕಾರ್ರು ಎಲ್ಲರಿಗೂ ಬಂಗಲೆಯಲ್ಲೇ ಊಟ ಎಂದಿದ್ದಾರೆ ಎಂದು ಹೇಳಿ ಹೋದ.

ಸುಗುಣಳ ಮನಸ್ಸು ಅರಳಿತು. ಎಷ್ಟೋ ದಿನಗಳ ಮೇಲೆ ಹೆಂಗಸರ ನಡುವೆ ಕೂರಬಹುದು! ಮದುವೆಯ ರೇಷ್ಮೆ ಸೀರೆ ಉಟ್ಟು, ಮೈಗೆ ಧೂಳು ತಾಗದಂತೆ ಹಾಸಿಗೆಯ ತುದಿಯಲ್ಲಿ ಕುಳಿತಳು. ಪರಿಚಯವಿಲ್ಲದ ಮನೆಗೆ ಒಬ್ಬಳೇ ಹೇಗೆ ಹೋಗುವುದು? ಯಂತ್ರದ ಕಡೆಯಿಂದ ಇವರೇ ಬಂದು ಕರೆದುಕೊಂಡು ಹೋಗುತ್ತಾರೆ...

ಬಂಗಲೆಯ ಕಡೆಯಿಂದ ನಗು ಕೇಳಿಸಿತು, ಎಲೆ ಎತ್ತುವ ಸದ್ದು ಕೇಳಿಸಿತು. ಬಿಸಿಲು ಇಳಿಯಿತು.

ಸಂಜೆ ರುದ್ರೇಶ್ ಎಲೆಅಡಿಕೆ ಜಗಿಯುತ್ತಾ ಬಂದ.

"ಹೋಳಿಗೆ ಚೆನ್ನಾಗಿತ್ತು ಅಲ್ವಾ?"

ಸುಗುಣ ಸೀರೆ ಬದಲಿಸಿ, ಮುಖ ತಿರುಗಿಸಿ ಮಲಗಿಬಿಟ್ಟಳು. ಗಂಡಸರ ಪಂಕ್ತಿಯಲ್ಲಿ ಊಟ ಮಾಡಿದ ಅವನು, ಹೆಂಗಸರ ಕಡೆಯವರು ಅವಳನ್ನು ಕರೆದಿರುತ್ತಾರೆ ಎಂದುಕೊಂಡಿದ್ದ. ಒಮ್ಮೆ ತಿರುಗಿ ನೋಡಬೇಕು ಎಂದು ಅವನಿಗೆ ಹೊಳೆದಿರಲೇ ಇಲ್ಲ.

ಮರುದಿನ ಅವಳು ಅಮ್ಮನನ್ನು ನೋಡಬೇಕೆಂದಳು. ಕಳಸದ ಬಸ್ ನಿಲ್ದಾಣದಲ್ಲಿ ಅವನು ಅವಳನ್ನು ಹತ್ತಿಸಿ ಕಿಟಕಿಯಿಂದ ಟಿಕೆಟ್ಟಿನ ದುಡ್ಡು ಕೊಟ್ಟ. ಬಸ್ಸು ಹೊರಟಿತು.

ತವರಿನಲ್ಲಿ ಗೋಡೆಗಳಿದ್ದವು, ಒಲೆ ಇತ್ತು, ಕದಲದ ನೆಲ ಇತ್ತು. ಆದರೂ ಸುಗುಣಳಿಗೆ ನಿದ್ದೆ ಹತ್ತಲಿಲ್ಲ. ಪಕ್ಕದಲ್ಲಿ ದಣಿದ ಉಸಿರಿನ ಸದ್ದಿಲ್ಲ. ಗಾಡಿಯಲ್ಲಿ ಖಾಲಿಯಿದ್ದದ್ದು ಗಂಡ ಇಲ್ಲದ ಹಗಲುಗಳು ಮಾತ್ರ. ಇಲ್ಲಿ ರಾತ್ರಿಗಳೂ ಖಾಲಿ.

ಒಂದು ದಿನ ಪಕ್ಕದ ತೋಟದವರ ಮನೆಗೆ ರುದ್ರೇಶನ ಫೋನ್ ಬಂತು. ಗಂಗಾಧರಪ್ಪ ಓಡಿ ಹೋಗಿ ಮಾತಾಡಿ ಬಂದರು. ಲೈನ್ ಬರೀ ಗೊರಗೊರ ಎನ್ನುತ್ತಿತ್ತಂತೆ. ಕೇಳಿಸಿದ್ದು ಒಂದೇ ಮಾತು, 'ಅವಳು ಅಲ್ಲೇ ಇರಲಿ.'

ಅಲ್ಲೇ ಇರಲಿ... ಸುಗುಣ ಅದನ್ನೇ ಮನಸ್ಸಿನಲ್ಲಿ ಮಗುಚಿ ಹಾಕಿದಳು. ಅಳು ಕೂಡ ಬರಲಿಲ್ಲ.

ಶಿವರಾತ್ರಿ ಕಳೆದರೂ ಅವನು ಬರಲಿಲ್ಲ. ಅವನ ಗಾಡಿ ಗೋಣಿಬೀಡಿನ ಹತ್ತಿರದ ಒಂದು ತೋಟದಲ್ಲಿದೆ ಎಂದು ಸಂತೆಗೆ ಹೋಗಿದ್ದ ಅಪ್ಪ ಹೇಳಿದಾಗ ಅವಳು ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದಳು. ನಾನು ಬೇಡವೆಂದರೆ ಅದನ್ನು ಗಂಡನ ಬಾಯಿಂದಲೇ ಕೇಳಿಬಿಡಬೇಕು. ಮರುದಿನ ಬೆಳಗಿನ ಬಸ್ಸು ಹತ್ತಿದಳು.

ಬಿಚ್ಚಿ ಹರಡಿದ ಪಲ್ಪರಿನ ಮುಂದೆ ರುದ್ರೇಶ್ ಕುಕ್ಕರಗಾಲಿನಲ್ಲಿ ಕುಳಿತಿದ್ದ. ಸೊರಗಿದ್ದ. ಅವಳನ್ನು ಕಂಡವನೇ ಎದ್ದು ನಿಂತ. ಕೈ ತುಂಬ ಗ್ರೀಸ್.

"ಅಲ್ಲೇ ಇರಲಿ ಅಂದ್ರಂತೆ," ಎಂದಳು ಸುಗುಣ. "ನಾನು ಬೇಡವಾದ್ರೆ ನನ್ನೆದುರೇ ಹೇಳಿ."

"ಬೇಡ ಅಂತ ಯಾರು ಹೇಳಿದ್ರು?" ಅವನು ಗಾಬರಿಯಾದ. "ಮನೆ ನೋಡ್ತಾ ಇದ್ದೀನಿ, ಸಿಗೋವರೆಗೆ ಅಲ್ಲೇ ಇರಲಿ ಅಂದೆ. ಈ ಗಾಡಿ ಸಾಕಾಗಿ ನೀನು ಹೋದೆ ಅಂದ್ಕೊಂಡೆ ಸುಗುಣ."

ಸುಗುಣ ಕೈಯ ಚೀಲ ಕೆಳಗಿಟ್ಟಳು.

"ಮನೆ ಸಿಕ್ತಾ?"

"ಕಳಸದಲ್ಲಿ ಒಂದು ನೋಡ್ದೆ. ಚೆನ್ನಾಗಿತ್ತು." ಅವನು ತಲೆ ತಗ್ಗಿಸಿದ. "ನಿನ್ನ ಅಲ್ಲಿ ಬಿಟ್ಟು ನಾನು ಇಲ್ಲಿಗೆ ಬಂದ್ರೆ ಅಲ್ಲೂ ನೀನು ಒಬ್ಬಳೇ ತಾನೆ? ನೀನು ಹೋದ ಮೇಲೆ ಒಂದು ದಿನ ಕೆಲಸ ಇರಲಿಲ್ಲ. ಹಗಲೆಲ್ಲ ಗಾಡಿಯೊಳಗೇ ಕೂತೆ. ನಿನ್ನ ಹಗಲು ಎಂಥದ್ದು ಅಂತ ಆವತ್ತು ಗೊತ್ತಾಯ್ತು. ಮತ್ತೆ ಕರೆಯೋಕೆ ಮುಖ ಇರಲಿಲ್ಲ."

ಅವಳ ಕಣ್ಣು ತುಂಬಿತು. ಅಷ್ಟು ದಿನ ಬಾರದಿದ್ದ ಅಳು ಈಗ ತಾನಾಗಿ ಇಳಿಯಿತು. ನಾಮಕರಣದ ದಿನದ್ದೆಲ್ಲ ಹೇಳಿದಳು. ಉಟ್ಟ ಸೀರೆ, ಕಾದದ್ದು, ಉಪವಾಸ ಮಲಗಿದ್ದು. ಅವನು ಗ್ರೀಸ್ ಕೈಯಲ್ಲೇ ನಿಂತು ಪೂರ್ತಿ ಕೇಳಿದ.

"ಊಟ ಮಾಡಿರಲೇ ಇಲ್ವಾ ನೀನು..." ಎಂದ ಕೊನೆಗೆ. "ಮೊದಲಿಂದ ಒಬ್ಬನೇ ಉಂಡು ರೂಢಿ ನಂಗೆ. ಪಕ್ಕದಲ್ಲಿ ಯಾರಿದ್ದಾರೆ ಅಂತ ನೋಡೋದೇ ಕಲೀಲಿಲ್ಲ. ತಪ್ಪಾಯ್ತು."

"ನಂಗೆ ಮನೆ ಬೇಡ. ನೀವು ಹೋದ ಕಡೆ ನನ್ನೂ ಕರೀರಿ, ಅಷ್ಟು ಸಾಕು."

ಅಷ್ಟರಲ್ಲಿ ಬಂಗಲೆಯ ಅಡುಗೆಯ ರಾಮಮ್ಮ ಬೇಲಿಯಾಚೆಯಿಂದ ಅವನನ್ನು ಊಟಕ್ಕೆ ಕರೆದಳು.

ರುದ್ರೇಶ್ ಆ ಕಡೆ ತಿರುಗಿದ. "ನನ್ನ ಹೆಂಡ್ತಿ ಬಂದಿದ್ದಾಳೆ ರಾಮಮ್ಮ. ನಾವು ಇಲ್ಲೇ ಏನಾದ್ರೂ ಮಾಡ್ಕೊಳ್ತೀವಿ."

ಸುಗುಣ ಅವನ ತೋಳು ಮುಟ್ಟಿದಳು. "ಬೇಡ ರೀ. ಇಬ್ರೂ ಹೋಗೋಣ. ನಂಗೆ ನಾಲ್ಕು ಜನರ ಜೊತೆ ಕೂತು ಉಣ್ಣಬೇಕು."

ರಾಮಮ್ಮ ಇನ್ನೊಂದು ತಟ್ಟೆ ಹಾಕುತ್ತೇನೆಂದು ಹೋದಳು. ಸುಗುಣ ಚೊಂಬಿನಲ್ಲಿ ನೀರು ತಂದು ಅವನ ಕೈಗೆ ಹುಯ್ದಳು. ಗ್ರೀಸ್ ಬೇಗ ಹೋಗಲಿಲ್ಲ. ಅವನು ಉಜ್ಜುತ್ತಲೇ ಇದ್ದ.

"ಇನ್ನೊಂದು ಸಲ ಹೋಗ್ಬೇಕು ಅನ್ನಿಸಿದ್ರೆ ಮೊದಲು ನಂಗೆ ಹೇಳ್ತೀಯಾ?"

"ಹೇಳ್ತೀನಿ. ನಿದ್ದೆ ಮಾಡದೆ ಕೇಳ್ತೀರಾ?"

"ನಿದ್ದೆ ಬಂದ್ರೆ ಎಬ್ಬಿಸು."

"ಎಬ್ಬಿಸ್ತೀನಿ," ಎಂದು ಅವಳು ಸೆರಗಿನ ತುದಿ ಅವನ ಒದ್ದೆ ಕೈಗೆ ಕೊಟ್ಟಳು.