ಎರಡೋ, ಮೂರೋ

ಅವರಿಬ್ಬರ ನಂಟು ಶುರುವಾಗಿದ್ದೇ ಜಗಳದಿಂದ. ಎಂಥ ಜಗಳ ಅಂತೀರಿ? ಹಸುಗೂಸಿನ ಬೆನ್ನುಮೂಳೆ ಎಣಿಸೋ ಜಗಳ!

ಆಗಷ್ಟೇ ಹುಟ್ಟಿದ ಮಗುವಿನ ಮೂಳೆ ಎಳಸು, ಸ್ಕ್ಯಾನ್ ಮಾಡಿದರೆ ಒಳಗಿನ ನರಹುರಿ ಕಾಣುತ್ತದೆ. ಅದರ ತುದಿ ಸೊಂಟದ ಎರಡನೇ ಮೂಳೆಯ ಹತ್ತಿರ ನಿಂತರೆ ಕ್ಷೇಮ. ಮೂರಕ್ಕಿಳಿದರೆ ಕೆಳಗೆಲ್ಲೋ ಅಂಟಿಕೊಂಡಿರಬಹುದು, ಬೇಗ ಬಿಡಿಸದಿದ್ದರೆ ಕಾಲಿಗೆ ಕುತ್ತು. ಎಣಿಕೆಯಲ್ಲಿ ಎಂಥವರೂ ಏಮಾರುತ್ತಾರೆ. ಅದಕ್ಕೇ ಟೆಕ್ನಿಷಿಯನ್ ಆದ ಅವಳು ಕೊನೆಯ ಪಕ್ಕೆಲುಬಿನಿಂದ ಕೆಳಕ್ಕೆ ಎಣಿಸಬೇಕು, ಡಾಕ್ಟರು ಕೆಳಗಿನಿಂದ ಮೇಲಕ್ಕೆ. ಎರಡೂ ತಾಳೆಯಾದರೆ ಮಾತ್ರ ರಿಪೋರ್ಟಿಗೆ ಸಹಿ.

"ಟೀಚರಮ್ಮ, ಮತ್ತೆ ತಪ್ಪಿದ್ರಿ," ಅಂತ ಡಾಕ್ಟರು ಮೊದಲ ವಾರವೇ ರೇಗಿಸಿದ್ದರು. ತಮ್ಮ ಲೆಕ್ಕ ತಿದ್ದುವ ಅವಳಿಗೆ ಅವರಿಟ್ಟ ಹೆಸರು ಅದು.

"ತಪ್ಪಿದ್ದು ನೀವು ಡಾಕ್ಟ್ರೇ. ಕಣ್ಣು ಸ್ಕ್ರೀನ್ ಮೇಲಿರಲಿ!"

ಅವರ ಕಣ್ಣು ಅವಳ ಮೇಲಿತ್ತು.

ಸ್ಕ್ಯಾನಿಗೆ ಮುಂಚೆ ಮಗುವಿನ ಬೆನ್ನಿಗೆ ಹಚ್ಚುವ ಜೆಲ್ ಬಾಟಲಿಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಅವಳಿಗೆ ಕೊಡುವುದು ಅವರಿಗೆ ಅಭ್ಯಾಸವಾಯಿತು. ಬೆರಳಿಗೆ ಬೆರಳು ತಾಗಿದರೂ ಇಬ್ಬರೂ ಏನೂ ಆಗದವರಂತೆ ಮಗುವಿನ ಬೆನ್ನು ನೋಡುತ್ತಿದ್ದರು. ಒಂದು ಸಂಜೆ ಬಾಟಲಿ ಕೊಡುತ್ತಲೇ ಕೇಳಿದರು, "ಮದುವೆ ಆಗೋಣ್ವಾ?"

"ಹೂಂ," ಅಂದಳು.

ಮಾರನೇ ದಿನ ಒಂದು ಹೆಣ್ಣುಕೂಸು ಬಂತು, ಬೆನ್ನಿನ ಬುಡದಲ್ಲಿ ಸಣ್ಣ ಕುಳಿ. ಅವಳ ಲೆಕ್ಕಕ್ಕೆ ಮೂರು ಬಂತು.

"ಎರಡು. ಅಲ್ವಾ?" ಡಾಕ್ಟರು ನಕ್ಕರು.

ಆ ನಗು ಕೆಡಿಸಲು ಅವಳಿಗೆ ಮನಸ್ಸು ಬರಲಿಲ್ಲ. ನಾಲಿಗೆ ತುದಿಗೆ ಬಂದ ಮೂರನ್ನು ನುಂಗಿ, "ಹೂಂ, ಎರಡೇ," ಅಂದುಬಿಟ್ಟಳು.

ಎರಡು ತಿಂಗಳಿಗೆ ಆ ಕೂಸಿನ ತಾಯಿ ಓಡಿ ಬಂದಳು. "ಮೇಡಂ, ಬಲಗಾಲು ಒದೀತಾಳೆ, ಎಡಗಾಲು ಆಡ್ಸೋದೇ ಇಲ್ಲ."

ಮತ್ತೆ ಸ್ಕ್ಯಾನ್. ಮೂರೇ. ನಾಡಿಯ ಜೊತೆ ಮೆಲ್ಲಗೆ ಅಲುಗಬೇಕಾದ ನರಹುರಿ ಬಿಗಿದುಕೊಂಡು ನಿಂತಿತ್ತು. ಆಪರೇಷನ್ ಆದ ಮೇಲೆ ಮಗು ಎಡ ಮಂಡಿ ಮಡಚಿತು, ಪಾದ ಮಾತ್ರ ಏಳಲಿಲ್ಲ. "ತಪ್ಪೆಣಿಸಿದ್ದು ನಾನಮ್ಮ," ಅಂತ ಡಾಕ್ಟರು ತಾಯಿಯ ಮುಂದೆ ತಲೆ ತಗ್ಗಿಸಿದರು.

ಅವಳಿಗೆ ತಡೆಯಲಾಗಲಿಲ್ಲ. "ನಂಗೆ ಅವತ್ತೇ ಮೂರು ಬಂದಿತ್ತು," ಅಂದಳು.

"ಮತ್ಯಾಕೆ ಹೂಂ ಅಂದ್ರಿ?" ಡಾಕ್ಟರು ಅವಳತ್ತ ತಿರುಗಿದರು.

"ನಿಮಗೆ ಬೇಜಾರಾಗುತ್ತೆ ಅಂತ..."

ತಾಯಿ ಇಬ್ಬರನ್ನೂ ನೋಡಿ, ಮಗುವನ್ನು ಎತ್ತಿಕೊಂಡು ಹೊರಗೆ ಹೋದಳು. ಡಾಕ್ಟರು ಬಾಗಿಲು ಮುಚ್ಚಿ ಬಂದರು.

"ನಾನು ತಪ್ಪಿದ್ರೆ ನೀವು ಹಿಡೀತೀರಿ ಅಂತ ನಂಬಿದ್ದೆ. ಅದರ ಹಿಂದಿನ ಸಂಜೆ ಮದುವೆಗೂ ಹೂಂ ಅಂದ್ರಲ್ಲ, ಅದೂ ನಂಗೆ ಬೇಜಾರಾಗುತ್ತೆ ಅಂತಾನಾ?"

"ಅಯ್ಯೋ, ಇಲ್ಲ! ನನ್ನಾಣೆ, ಅದು ನಿಜ. ನೀವಂದ್ರೆ ನಂಗೆ ಜೀವ."

"ನಂಬೋಕೆ ಆಸೆ. ಆಗ್ತಿಲ್ಲ." ಅವರ ಕಣ್ಣೂ ತುಂಬಿತ್ತು.

ಎದೆ ಒಡೆದು ಹೋಯಿತು ಅಂತ ಕೆಲಸ ಕಾಯುತ್ತದೆಯೇ? ಮುಂದಿನ ವಾರ ಇನ್ನೊಂದು ಕೂಸು ಬಂತು.

"ಎರಡು," ಅಂದರು ಡಾಕ್ಟರು.

ಅವಳು ಸ್ಕ್ರೀನಿನ ಮೇಲೆ ಬೆರಳಿಟ್ಟಳು. "ಇಲ್ಲ ಡಾಕ್ಟ್ರೇ. ಮೂರು."

ಅವರು ಒಂದೊಂದಾಗಿ ಮತ್ತೆ ಎಣಿಸಿದರು. "ಹೌದು, ಮೂರೇ. ಥ್ಯಾಂಕ್ಸ್ ಮೇಡಂ," ಅಂದು ಸಹಿ ಹಾಕಿ ಎದ್ದರು.

ಟೀಚರಮ್ಮ ಅನ್ನಲಿಲ್ಲ. ಜೆಲ್ ಬಾಟಲಿ ಮೇಜಿನ ಮೇಲೆ ತಣ್ಣಗೆ ಕೂತಿತ್ತು. ಮುಂದಿನ ಮಗುವನ್ನು ಕರೆಯುವ ಮೊದಲು ಅವಳೇ ಅದನ್ನು ಎರಡೂ ಅಂಗೈ ನಡುವೆ ಹಿಡಿದು, ಬೆಚ್ಚಗಾಗುವವರೆಗೆ ಕಾದಳು.